ಬಂಗಾರಮ್ಮನಿಗೆ ಪುಕ್ಕಟೆ ಸಿಕ್ಕ ಕಲ್ಯಾಣ ಮಂಟಪ

ಶಿಕಾರಿಪುರದಲ್ಲಿ ಮದುವೆ ಊಟ ಉಂಡವರಲ್ಲಿ ಬಂಗಾರಮ್ಮನ ಕೈ ನೋಡದವರು ಕಡಿಮೆ, ಮುಖ ನೋಡಿದವರು ಇನ್ನೂ ಕಡಿಮೆ. ಶಿರಾಳಕೊಪ್ಪ ರಸ್ತೆಯ ಕಲ್ಯಾಣ ಮಂಟಪದಲ್ಲಿ ಒಂದು ಪಂಕ್ತಿ ಏಳುತ್ತಿದ್ದಂತೆ ಎಂಜಲೆಲೆ ತೆಗೆದು, ಟೇಬಲ್ ಒರೆಸಿ, ಮುಂದಿನ ಪಂಕ್ತಿಗೆ ಜಾಗ ಮಾಡಿಕೊಡುವುದು ಅವಳ ಕೆಲಸ. ಗಂಡ ಸತ್ತ ವರ್ಷ ಸೇರಿದವಳು, ಕೂದಲು ನೆರೆತರೂ ಅಲ್ಲೇ ಇದ್ದಳು. ಮಗಳು ಸುನಿತಾಳನ್ನು ಮಾತ್ರ ಒಂದು ದಿನವೂ ಕೆಲಸಕ್ಕೆ ಕರೆದೊಯ್ಯಲಿಲ್ಲ. ಅವಳು ಊರವರ ಎಂಜಲು ಮುಟ್ಟಬಾರದು, ಅದೇ ಮಂಟಪದಲ್ಲಿ ಮದುಮಗಳಾಗಿ ಕೂರಬೇಕು. ಪಕ್ಕದ ಮನೆಯವಳಾದ ನಾನು ಇದನ್ನು ಕೇಳಿ ಕೇಳಿ ಸಾಕಾಗಿದ್ದೆ.

ಮಂಟಪದ ಮಾಲೀಕ ಗುರುಪ್ರಕಾಶ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಅವನು ಕೊಡುತ್ತಿದ್ದ ಕೂಲಿ ದಿನಕ್ಕೆ ಮುನ್ನೂರೈವತ್ತು. ಬೇರೆ ಮಂಟಪಗಳಲ್ಲಿ ಅದು ಐನೂರಾಗಿ ಎಷ್ಟೋ ಕಾಲವಾಗಿತ್ತು. ಬಂಗಾರಮ್ಮ ಒಮ್ಮೆ ಬಾಯಿಬಿಟ್ಟು ಕೇಳಿದಳು.

“ಕೂಲಿ ಏನ್ ಮಹಾ, ಬಂಗಾರಮ್ಮ? ನಿನ್ ಮಗಳ ಮದ್ವೆಗೆ ಚೌಟ್ರೀನೇ ಫ್ರೀ ಕೊಡ್ತೀನಿ, ಹೋಗು,” ಎಂದ ಅವನು.

ಅಲ್ಲಿಗೆ ಅವಳ ಬಾಯಿ ಮುಚ್ಚಿತು. ಮತ್ತೆ ಕೂಲಿಯ ಸುದ್ದಿ ಎತ್ತಿದರೆ ಕೊಟ್ಟ ಮಾತು ಕೆಡುತ್ತದೆಂಬ ಹೆದರಿಕೆ. ಇಂಥ ದಡ್ಡತನಕ್ಕೆ ನಮ್ಮ ಕಡೆ ನಿಯತ್ತು ಎನ್ನುತ್ತಾರೆ, ಕೇಳಿದರೆ ನನಗೆ ಮೈ ಉರಿಯುತ್ತದೆ. ಉಳಿದ ಹೆಂಗಸರು ಕೂಲಿ ಕೇಳಲು ಹೋದಾಗಲೆಲ್ಲ ಗುರುಪ್ರಕಾಶ್, “ಹಳಬಳು ಬಂಗಾರಮ್ಮನೇ ಸುಮ್ನಿದಾಳೆ, ನಿಮ್ದೇನ್ರೇ?” ಎಂದು ಸಾಗಹಾಕುತ್ತಿದ್ದ.

ಜೊತೆಯಲ್ಲಿ ಎಲೆ ತೆಗೆಯುತ್ತಿದ್ದ ಧನಲಕ್ಷ್ಮಿಯ ಗಂಡನಿಗೆ ಕಿಡ್ನಿ ಹೋಗಿತ್ತು. ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಕರೆದೊಯ್ಯುವ ಖರ್ಚಿಗೇ ಅವಳಿಗೆ ದಾರಿಯಿರಲಿಲ್ಲ. ಕೊನೆಗೆ ಅವಳೇ ಎಲ್ಲರನ್ನೂ ಒಟ್ಟುಮಾಡಿದಳು. ಅಡಿಕೆ ಮಂಡಿಯ ಸಾಹುಕಾರರೊಬ್ಬರ ಮನೆಯ ಮದುವೆಯ ದಿನ ಮೊದಲ ಪಂಕ್ತಿ ಎದ್ದಿತು, ಎರಡನೆಯದಕ್ಕೆ ಜನ ನೂಕಾಡಿದರು, ಈ ಹೆಂಗಸರು ಮಾತ್ರ ನಲ್ಲಿಕಟ್ಟೆ ಬಿಟ್ಟು ಕದಲಲಿಲ್ಲ. ಗುರುಪ್ರಕಾಶನ ಮುಖ ಬೆವೆತಿತು. ಇನ್ನೇನು ಐನೂರಕ್ಕೆ ಹೂಂ ಅನ್ನಬೇಕು, ಅಷ್ಟರಲ್ಲಿ ಬಂಗಾರಮ್ಮ ಎದ್ದು ಹೋಗಿ ಬಕೆಟ್ ಹಿಡಿದು ಒಬ್ಬಳೇ ಎಲೆ ತೆಗೆಯತೊಡಗಿದಳು. ಕೂಲಿ ಮುನ್ನೂರೈವತ್ತರಲ್ಲೇ ಉಳಿಯಿತು. ಆ ಮಳೆಗಾಲದಲ್ಲಿ ಧನಲಕ್ಷ್ಮಿಯ ಗಂಡ ಸತ್ತ.

ಈ ವರ್ಷ ಸುನಿತಾಳ ಮದುವೆ ಗೊತ್ತಾಯಿತು. ಗಂಡು ಸೊರಬದವನು, ಸ್ವಂತ ಮೆಡಿಕಲ್ ಶಾಪ್ ಇದೆ. ಗುರುಪ್ರಕಾಶ್ ಮಾತು ತಪ್ಪಲಿಲ್ಲ. ಬೀಗದ ಕೈ ಕೊಡುವಾಗ ಮಾತ್ರ, “ಚೌಟ್ರಿ ಫ್ರೀ. ಎಲೆ ತೆಗೆಯೋರ್ನ ನೀನೇ ನೋಡ್ಕೋಬೇಕು,” ಎಂದ. ತನ್ನ ಜೊತೆಯವರಿದ್ದಾರಲ್ಲ ಎಂದುಕೊಂಡ ಬಂಗಾರಮ್ಮ ಅವರ ಮನೆಮನೆಗೂ ಹೋಗಿ ಲಗ್ನಪತ್ರಿಕೆ ಕೊಟ್ಟು ಕರೆದಳು.

ಅವರು ಬಂದರು. ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಮುಯ್ಯಿ ಮಾಡಿ, ಮೊದಲ ಪಂಕ್ತಿಯಲ್ಲೇ ಕೂತು ಹೋಳಿಗೆ ಊಟ ಉಂಡರು. ಪಂಕ್ತಿ ಎದ್ದಾಗ ಗಂಡಿನ ಕಡೆಯ ಹಿರಿಯರು ಬಾಗಿಲಲ್ಲಿ ಕಾದು ನಿಂತಿದ್ದರು. ಎಂಜಲೆಲೆಗಳು ಇದ್ದಲ್ಲೇ ಇದ್ದವು.

ಬಂಗಾರಮ್ಮ ಧನಲಕ್ಷ್ಮಿಯ ಹತ್ತಿರ ಓಡಿ ಬಂದು, “ಬೀಗ್ರು ನಿಂತಿದಾರೆ ಕಣೇ. ಒಂಚೂರು ಕೈ ಹಾಕ್ರೇ,” ಎಂದು ಪಿಸುಗುಟ್ಟಿದಳು.

ಧನಲಕ್ಷ್ಮಿ ನಿಧಾನವಾಗಿ ಕೈ ಒರೆಸಿಕೊಂಡಳು. “ಮುಯ್ಯಿ ಮಾಡಿ ಉಂಡೀವಿ ಅಕ್ಕಾ, ನೆಂಟ್ರು ಎಲೆ ತೆಗೀತಾರೇನು? ಆವತ್ತು ಒಬ್ಳೇ ತೆಗ್ದಿಯಲ್ಲ, ಇವತ್ತೂ ತೆಗಿ.”

ಪಕ್ಕದಲ್ಲೇ ಕೈ ತೊಳೆಯುತ್ತಿದ್ದ ನನಗೆ ಧನಲಕ್ಷ್ಮಿಯದು ತಪ್ಪು ಎನ್ನಲು ನಾಲಿಗೆ ಏಳಲಿಲ್ಲ. ಬಂಗಾರಮ್ಮ ಹೊಸ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ತುದಿಯಿಂದ ಎಲೆ ಎತ್ತತೊಡಗಿದಳು. ಅವಳ ಕೈಗೆ ಅಭ್ಯಾಸವಾಗಿದ್ದ ಕೆಲಸ, ಚಕಚಕನೆ ಸಾಗಿತು. ಗಂಡಿನ ತಾಯಿ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡ ಸುನಿತಾ.

“ನಿನ್ನಮ್ಮನ ಕೈ ಎಷ್ಟು ಚುರುಕು ಮಾರಾಯ್ತಿ,” ಎಂದಳು ಆಕೆ ಸೊಸೆಗೆ, ಖುಷಿಯಾಗಿಯೇ. “ನಿಂಗೂ ಬರ್ತದಲ್ಲ ಇದು? ಹಂಗಾರೆ ನಮ್ಮನೆ ದೇವರಕಾರ್ಯಕ್ಕೆ ಕೂಲಿಯವರಿಗೆ ಹೇಳೂದೇ ಬೇಡ.”

ಬಂಗಾರಮ್ಮನಿಗೆ ಅದು ಕೇಳಿಸಿತು. ಎಲೆ ಹಿಡಿದುಕೊಂಡೇ ತಲೆಯೆತ್ತಿ ಮಗಳನ್ನು ನೋಡಿದಳು.

“ಬರ್ತದೆ ಅತ್ತೆ,” ಎಂದಳು ಸುನಿತಾ.