ಏಸಿ ಆಗಿಬರದ ಹಾವು

ಇರಲಾರದೆ ಇರುವೆ ಬಿಟ್ಕೊಂಡ್ರು ಅಂತ ಗಾದೆ. ನಮ್ಮ ಯಜಮಾನರಿಗೆ ಇರುವೆ ಎಲ್ಲಿ ಸಾಕಾಗುತ್ತೆ, ಹಾವನ್ನೇ ಬಿಟ್ಕೊಂಡರು. ಸಿಂಗಪುರದ ಆಂಗ್ ಮೋ ಕಿಯೋದಲ್ಲಿರೋ ಇವರ ಆಫೀಸಿನಲ್ಲಿ ಯಾರೋ ದೇಶ ಬಿಟ್ಟು ಹೋಗುವಾಗ ಒಬ್ಬರಿಗೆ ಸೈಕಲ್, ಇನ್ನೊಬ್ಬರಿಗೆ ರೈಸ್ ಕುಕ್ಕರ್ ಕೊಟ್ಟು ಹೋದರಂತೆ. ಇವರ ಪಾಲಿಗೆ ಬಂದದ್ದು ಕಿತ್ತಳೆ ಬಣ್ಣದ ಒಂದು ಕಾರ್ನ್ ಸ್ನೇಕ್. ವಿಷ ಇಲ್ಲ ಕಣೆ, ಪಾಪದ್ದು ಅಂದರು. ಸಿಂಗಪುರದಲ್ಲಿ ಮನೇಲಿ ಹಾವು ಸಾಕೋದು ಅಪರಾಧ ಅನ್ನೋ ಸಣ್ಣ ವಿಷಯ ಹೇಳೋಕೆ ಮಾತ್ರ ಮರೆತರು.

ಪಾಸಿರ್ ರಿಸ್‌ನ ನಮ್ಮ ಫ್ಲ್ಯಾಟಿನ ಸ್ಟಡಿ ರೂಮಿನಲ್ಲಿ ಅದಕ್ಕೊಂದು ಗಾಜಿನ ಪೆಟ್ಟಿಗೆ. ಈ ಮನುಷ್ಯನಿಗೆ ಏಸಿ ಹದಿನೆಂಟರಲ್ಲಿ ಇರದಿದ್ದರೆ ತಲೆ ಓಡಲ್ಲ, ನಿದ್ದೆ ಬರಲ್ಲ. ನನಗೆ ಉಬ್ಬಸ. ಏಸಿ ಆಗಿಬರಲ್ಲ ಅಂತ ಮದುವೆ ಆದಾಗಿಂದ ಹೇಳ್ತಾ ಬಂದಿದ್ದೀನಿ, ಶಾಲು ಹೊದ್ಕೋ ಅಂತ ಉತ್ತರ ಬರುತ್ತೆ. ಹಾವಿಗೆ ಚಳಿಯಾಗಬಾರದು ಅಂತ ಮಾತ್ರ ಪೆಟ್ಟಿಗೆಯ ಅಡಿಗೆ ಕರೆಂಟಿನ ಬಿಸಿ ಮ್ಯಾಟ್ ಹಾಕಿಸಿದರು. ಅದರ ಊಟ ನಮ್ಮ ಫ್ರೀಜರಿನಲ್ಲಿ, ಹಿದಕಿದ ಅವರೆಬೇಳೆ ಪ್ಯಾಕೆಟ್ಟಿನ ಹಿಂದೆ, ಸತ್ತ ಸಣ್ಣ ಇಲಿಗಳ ರೂಪದಲ್ಲಿತ್ತು. ನಾನು ಅವರೆಬೇಳೆ ತಿನ್ನೋದನ್ನೇ ಬಿಟ್ಟೆ.

ಹೀಗಿರುವಾಗ ಮೈಸೂರಿನಿಂದ ಅತ್ತೆ ಬಂದರು. ಹಾವು ನೋಡಿದರೆ ಮುಂದಿನ ಫ್ಲೈಟಿಗೇ ಟಿಕೆಟ್ ಬುಕ್ ಮಾಡಿಸ್ತಾರೆ ಅಂತ ನನಗೊಂದು ಸಣ್ಣ ಆಸೆ ಇತ್ತು. ಅವರು ನೋಡಿದರು, ಸೆರಗು ಹೊದ್ದು ಕೈ ಮುಗಿದರು. ಮಾರನೇ ದಿನದಿಂದ ಪೆಟ್ಟಿಗೆಯ ಗಾಜಿಗೆ ಅರಿಶಿನ ಕುಂಕುಮ, ಎದುರಿಗೆ ಬಟ್ಟಲಲ್ಲಿ ಹಾಲು, ಎರಡೂ ಹೊತ್ತು ಊದುಬತ್ತಿ. ಹಾವು ಹಾಲು ಕುಡಿಯಲ್ಲಮ್ಮ ಅಂತ ಇವರು ಹೇಳಿದ್ದಕ್ಕೆ, ನಿನ್ನ ಕೈಲಿ ಕುಡಿಯಲ್ಲ ಅಷ್ಟೇ ಅಂದರು. ಆಮೇಲೆ ಅಲಂಕಾರ ಸಾಲದು ಅಂತ ಮಿಣಿಮಿಣಿ ದೀಪದ ಸರ ಬೇರೆ ಹಾಕಿದರು.

ಸ್ವಲ್ಪ ದಿನಕ್ಕೆ ಹಾವು ಊಟ ಬಿಟ್ಟಿತು. ಇವರೂ ಅರ್ಧ ಊಟ ಬಿಟ್ಟರು. ನಾನು ಜ್ವರ ಬಂದು ಮಲಗಿದಾಗ ಪನಡೋಲ್ ಎಲ್ಲಿದೆ ಅಂತ ನನ್ನನ್ನೇ ಕೇಳಿದ ಮಹಾಶಯರು, ಹಾವಿಗಾಗಿ ಆಫೀಸಿಗೆ ರಜೆ ಹಾಕಿ ಇಂಟರ್ನೆಟ್ ಜಾಲಾಡಿದರು. ಪೊರೆ ಬಿಡೋ ಮುಂಚೆ ತಿನ್ನಲ್ಲವಂತೆ ಅಂತ ಸಮಾಧಾನ ಮಾಡಿಕೊಂಡರು. ಪೊರೆ ಬಿಡೋ ಹಾವಿನ ಕಣ್ಣು ಮಂಜಾಗಬೇಕಂತೆ. ಇದರ ಕಣ್ಣು ಗಾಜಿನ ಮಣಿ ಇದ್ದ ಹಾಗೆ ಹೊಳೀತಿತ್ತು, ಆದರೂ ಅವರಿಗೆ ಪೊರೆಯೇ ಬೇಕಿತ್ತು. ಡಾಕ್ಟರ ಹತ್ತಿರ ಹೋದರೆ ಗುಟ್ಟು ರಟ್ಟು, ಹೋಗದಿದ್ದರೆ ಹಾವು ಸಾಯುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋದನ್ನ ಇಷ್ಟು ಅಕ್ಷರಶಃ ಬಾಳಿದ ಗಂಡಸನ್ನ ನಾನು ಬೇರೆ ಕಂಡಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ಓಡಿ ಬಂದರು. ನಾಗಪ್ಪ ತಲೆ ಎತ್ತಿ ದರ್ಶನ ಕೊಡ್ತಿದ್ದಾನೆ, ಬೇಗ ಬಾ ಅಂದರು. ಹೋಗಿ ನೋಡಿದರೆ ನಿಜವೇ. ಕತ್ತು ನೆಟ್ಟಗೆ ಮೇಲಕ್ಕೆತ್ತಿ, ಬಾಯಿ ಒಂದಿಷ್ಟು ತೆರೆದು ಕೂತಿತ್ತು. ಅತ್ತೆ ಮಂಗಳಾರತಿಗೆ ಕರ್ಪೂರ ಹುಡುಕೋಕೆ ಹೋದರು. ನಾನು ಮೊದಲ ಸಲ ಅಷ್ಟು ಹತ್ತಿರ ಬಗ್ಗಿದೆ. ಬಾಯಿಯ ಅಂಚಿನಲ್ಲಿ ನೊರೆಯ ಗುಳ್ಳೆ. ಒಳಗಿಂದ ಸಣ್ಣಗೆ ಕಟಕಟ ಸದ್ದು. ಆ ಭಂಗಿ ನನಗೆ ಗೊತ್ತು. ಉಸಿರು ಸಿಗದಾಗ ಹಾಸಿಗೆ ಮೇಲೆ ಕೂತು ನಾನೂ ಹೀಗೇ ಕತ್ತು ಎತ್ತುತ್ತೀನಿ, ಪಕ್ಕದಲ್ಲಿ ಇವರು ಗೊರಕೆ ಹೊಡೀತಿರ್ತಾರೆ. ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದೆ: ಬಿಸಿ ಮ್ಯಾಟಿನ ಪ್ಲಗ್ ಕಿತ್ತು ಆ ಜಾಗಕ್ಕೆ ಅತ್ತೆ ದೀಪದ ಸರ ಚುಚ್ಚಿದ್ದರು. ಹದಿನೆಂಟರ ಚಳಿ, ಮೇಲಿಂದ ಊದುಬತ್ತಿ ಹೊಗೆ. ಭಕ್ತಿಗೆ ಎದೆ ಕಟ್ಟಿ ಕೂತಿತ್ತು ಆ ಬಡಪ್ರಾಣಿ.

ಊದುಬತ್ತಿ ಆರಿಸಿದೆ, ಏಸಿ ಆರಿಸಿದೆ, ಮ್ಯಾಟಿನ ಪ್ಲಗ್ ಹಾಕಿದೆ. ಇವರನ್ನ ಕರೆದು, "ರೀ, ಇದಕ್ಕೆ ಉಸಿರು ಸಿಗ್ತಿಲ್ಲ. ಈಗ ಫೋನ್ ಮಾಡ್ತೀರೋ, ನಾನು ಮಾಡ್ಲೋ?" ಅಂದೆ.

ಪ್ರಾಣಿ ರಕ್ಷಣೆಯವರಿಗೆ ಇವರೇ ಫೋನ್ ಮಾಡಿದರು. ಅವರು ಬರೋಷ್ಟರಲ್ಲಿ ಒಂದು ಕಥೆಯನ್ನೂ ಸಿದ್ಧ ಮಾಡಿಕೊಂಡರು. ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬಿಲ್ಡಿಂಗಿನ ಅಡಿಯ ಖಾಲಿ ಜಾಗದಲ್ಲಿ ಸಿಕ್ಕಿತು, ಪಾಪ ಅಂತ ಎತ್ಕೊಂಡು ಬಂದೆವು. ನನಗೂ ಎರಡು ಸಲ ಪಾಠ ಒಪ್ಪಿಸೋಕೆ ಹೇಳಿದರು. ಗಾಜಿನ ಕುಂಕುಮ ಒರೆಸಿದ್ದೂ ಆಯ್ತು.

ಬಂದಾಕೆ ಹಾವನ್ನ ನೋಡಿದಳು, ಶ್ವಾಸಕೋಶಕ್ಕೆ ಸೋಂಕು ಆಗಿರೋ ಹಾಗಿದೆ ಅಂದಳು. ಎಲ್ಲಿ ಸಿಕ್ಕಿತು ಅಂತ ಕೇಳಿದಳು. ವಾಯ್ಡ್ ಡೆಕ್ ಅಂದರು. ಅವಳು ತಲೆಯಾಡಿಸಿ, ಹಾಗಾದರೆ ಕಷ್ಟ, ಯಾವಾಗಿಂದ ತಿಂದಿಲ್ಲ, ಎಷ್ಟು ತೂಕ ಇಳಿದಿದೆ ಅಂತ ಗೊತ್ತಿದ್ದಿದ್ದರೆ ಡಾಕ್ಟರಿಗೆ ಔಷಧಿ ಕೊಡೋಕೆ ಸುಲಭ ಆಗ್ತಿತ್ತು ಅಂದಳು, ಹಾವನ್ನ ತಾನು ತಂದಿದ್ದ ಡಬ್ಬಿಗಿಳಿಸಿ ಮುಚ್ಚಳ ಹಾಕೋಕೆ ಹೋದಳು.

ಇವರು ನನ್ನ ಮುಖ ನೋಡಿದರು.

"ಇದು ನಂದೇ," ಅಂದರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಕಡೇ ಸಲ ತಿಂದದ್ದು, ಮುಂಚಿನ ತೂಕ, ಯಾವಾಗಿಂದ ಮಂಕಾಯ್ತು, ಪ್ಲಗ್ ಕಿತ್ತದ್ದು, ಎಲ್ಲ. ಅವಳು ಬರ್ಕೊಂಡಳು. ಇನ್ನು ವಿಚಾರಣೆ ಆಗುತ್ತೆ, ದಂಡವೂ ಬೀಳಬಹುದು ಅಂತ ಮೆಲ್ಲಗೆ ಹೇಳಿದಳು. ಇವರಿಗೆ ಅದು ಕೇಳಿಸಿತೋ ಇಲ್ಲವೋ. ಲಿಫ್ಟಿನ ತನಕ ಡಬ್ಬಿಯ ಹಿಂದೆಯೇ ಹೋಗಿ, ಸ್ವಲ್ಪ ಬೆಚ್ಚಗಿಡಿ, ಅದಕ್ಕೆ ಏಸಿ ಆಗಿಬರಲ್ಲ ಅಂದರು. ಕಣ್ಣಲ್ಲಿ ನೀರಿತ್ತು. ಅತ್ತೆ ಕರ್ಪೂರದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರ ಪಕ್ಕ ನಿಂತಿದ್ದ ನನಗೆ ಆ ಹಾವಿನ ಮೇಲೆ ಹೊಟ್ಟೆಕಿಚ್ಚೂ ಆಯ್ತು, ಗಂಡನ ಮೇಲೆ ಹೆಮ್ಮೆಯೂ ಆಯ್ತು. ಎರಡನ್ನೂ ತೋರಿಸಲಿಲ್ಲ.

ಅವತ್ತು ಮಲಗೋಕೆ ಹೋದರೆ ರೂಮಿನ ಕಿಟಕಿ ತೆಗೆದಿತ್ತು, ಫ್ಯಾನು ತಿರುಗುತ್ತಿತ್ತು. ಇವರು ಬೆವರಲ್ಲಿ ತೊಯ್ದು ಬಿದ್ದಿದ್ದರು. ಏಸಿ ಕೆಟ್ಟೋಯ್ತಾ ಅಂತ ಕೇಳಿದೆ.

"ಇಲ್ಲ. ನಿನಗೂ ಆಗಿಬರಲ್ಲ ಅಲ್ವಾ," ಅಂದರು.

ಆ ನಾಗಪ್ಪನಿಗೆ ಒಂದು ಸಲ ಕೈ ಮುಗೀಬೇಕಿತ್ತು ಅನ್ನಿಸಿತು. ಅತ್ತೆಗೆ ಮಾತ್ರ ಹೇಳಲಿಲ್ಲ.