ಎರಡು ಒಲೆ, ಒಂದು ಮೀಟರು

ನಾನು ಹುಟ್ಟಿದ್ದು ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಚನ್ನಪಟ್ಟಣದ ಪೇಟೆಬೀದಿಯ ಮನೆಗೆ ಬಂದ ದಿನ ಸಂಜೆ ನಮ್ಮ ಅತ್ತೆ ನನ್ನ ಕೈ ಹಿಡಿದು ನಡುಮನೆಯ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿದ್ದ ಕರಿಯ ಗುಂಡಿಯ ಮೇಲೆ ನನ್ನ ಬೆರಳಿಟ್ಟರು.

"ಕೆಳಕ್ಕೆ ತಳ್ಳವ್ವ. ಕಚ್ಚಕಿಲ್ಲ."

ತಳ್ಳಿದೆ. ತಲೆಯ ಮೇಲೆ ದೀಪ ಹತ್ತಿತು. ನಮ್ಮೂರಲ್ಲಿ ಆಗ ಹರಳೆಣ್ಣೆ, ಸೀಮೆಎಣ್ಣೆ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ನಾನು ಬಾಯಿ ತೆರೆದುಕೊಂಡು ಮೇಲೆ ನೋಡುತ್ತ ನಿಂತದ್ದನ್ನು ಕಂಡು ಅತ್ತೆ ನಕ್ಕರು.

ಮಹಾರಾಜರ ಸರ್ಕಾರ ಚನ್ನಪಟ್ಟಣಕ್ಕೆ ಕರೆಂಟು ಕೊಟ್ಟು ಆಗ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಬೀದಿಯಲ್ಲಿ ತಂತಿ ಎಳೆಸಿಕೊಂಡಿದ್ದ ಮನೆಗಳು ಕಡಿಮೆ. ನಮ್ಮ ಮನೆಗೆ ಅದು ಬಂದದ್ದು ಅತ್ತೆಯ ಹಟದಿಂದ. ಅವರಿಗೆ ಇರುಳುಗಣ್ಣು. ಹೊತ್ತು ಇಳಿದರೆ ಗೋಡೆ ತಡವಿಕೊಂಡು ನಡೆಯಬೇಕಾಗಿತ್ತು. ದೀಪ ಬಂದ ಮೇಲೆ ರಾತ್ರಿಯೂ ಅವರು ಮನೆಯೆಲ್ಲ ಓಡಾಡುವಂತಾಯಿತು.

ಅತ್ತೆಗೆ ಕೋಡಿಹಳ್ಳಿಗೆ ಕೊಟ್ಟ ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ದೊಡ್ಡವರು, ನನಗೆ ಭಾವ, ರಾಗಿ ಮಂಡಿ ನಡೆಸುತ್ತಿದ್ದರು. ಚಿಕ್ಕವರು ನಮ್ಮ ಯಜಮಾನರು, ಬಟ್ಟೆ ಅಂಗಡಿ ಇಟ್ಟಿದ್ದರು. ಮಾವ ತೀರಿಹೋದ ಮೇಲೆ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದರು. ತೊಟ್ಟಿಮನೆಯ ಮೂಡಣ ಭಾಗ ಭಾವನಿಗೆ, ಪಡುವಣ ಭಾಗ ನಮಗೆ. ನಡುವಿನ ಕೋಣೆಯಲ್ಲಿ ಅತ್ತೆ ಇರುತ್ತಿದ್ದರು. ಒಂದು ಹೊತ್ತು ಅಲ್ಲಿ ಉಣ್ಣುವರು, ಒಂದು ಹೊತ್ತು ಇಲ್ಲಿ. ಒಲೆ ಎರಡಾದರೂ ಕರೆಂಟಿನ ಮೀಟರು ಒಂದೇ. ಬೀದಿಬಾಗಿಲಿನ ಒಳಗೆ ಗೋಡೆಗೆ ಹೊಡೆದ ಹಲಗೆಯ ಮೇಲೆ ಅದು ಕೂತಿತ್ತು. ತಿಂಗಳ ಬಿಲ್ಲನ್ನು ಇಬ್ಬರೂ ಅರ್ಧರ್ಧ ಕಟ್ಟುತ್ತಿದ್ದರು.

ಭಾವನ ಹೆಂಡತಿ ಬೈರಾಪಟ್ಟಣದ ಕಡೆಯ ಹೆಣ್ಣು. ನಾನು ಆಕೆಯನ್ನು ಅಕ್ಕ ಅನ್ನುತ್ತಿದ್ದೆ. ಗಂಡಸರು ಬೇರೆಯಾದರೂ ನಾವಿಬ್ಬರು ಬೇರೆಯಾಗಲಿಲ್ಲ. ಒಂದೇ ಬೀಸುವ ಕಲ್ಲು, ಒಂದೇ ಒರಳು. ಮಕ್ಕಳ ತಲೆ ಬಾಚುವಾಗ ಯಾರ ಮಗು ಯಾರ ಮಡಿಲಲ್ಲಿದೆ ಎಂದು ನೋಡಿದವರಲ್ಲ.

ಒಂದು ಮಳೆಗಾಲ ಅತ್ತೆ ಹಾಸಿಗೆ ಹಿಡಿದರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದು ಗಾಜಿನ ಬೆಳಕಿಂಡಿ ಮಾತ್ರ. ಅವರಿಗೆ ಕತ್ತಲೆಂದರೆ ಭಯವಾಗುತ್ತಿದ್ದುದರಿಂದ ಹಗಲೂ ರಾತ್ರಿ ದೀಪ ಉರಿಯುತ್ತಲೇ ಇತ್ತು. ಮಳೆ ನಿಲ್ಲುವ ಮೊದಲೇ ಅವರು ಹೋದರು.

ಕರ್ಮವೆಲ್ಲ ಮುಗಿದ ದಿನ ಮಧ್ಯಾಹ್ನ, ಬಂದ ನೆಂಟರು ಇನ್ನೂ ಕೈ ತೊಳೆಯುತ್ತಿದ್ದಾಗಲೇ, ಅಣ್ಣತಮ್ಮಂದಿರಿಗೆ ಅತ್ತೆಯ ಪೆಟ್ಟಿಗೆಯ ವಿಚಾರದಲ್ಲಿ ಮಾತು ಹತ್ತಿತು. ಒಂದು ಕಾಸಿನ ಸರ, ಒಂದಷ್ಟು ಹಿತ್ತಾಳೆ ಪಾತ್ರೆ, ಎರಡು ರೇಷ್ಮೆ ಸೀರೆ. ಸರ ನನ್ನ ಮಗಳಿಗೆ ಅಂತ ಅವ್ವ ಹೇಳಿದ್ದಾಳೆ ಎಂದು ಭಾವ. ಎಲ್ಲ ಸಮಪಾಲು ಅಂತ ನನಗೆ ಹೇಳಿದ್ದಾಳೆ ಎಂದು ನಮ್ಮ ಯಜಮಾನರು. ಇಬ್ಬರಿಗೂ ಇನ್ನೊಬ್ಬರ ಮೇಲೆ ನಂಬಿಕೆ ಹೋಯಿತು. ಭಾವ ಕೋಣೆಯ ಬಾಗಿಲೆಳೆದು ಬೀಗ ಹಾಕಿದರು. ನಮ್ಮವರು ಅಂಗಡಿಯಿಂದ ಇನ್ನೊಂದು ಬೀಗ ತಂದು ಅದರ ಪಕ್ಕದಲ್ಲೇ ಹಾಕಿದರು. ಆಮೇಲೆ ಮಂಡಿಯಲ್ಲಿ ಜಾಗ ಸಾಲದೆ ಉಳಿದ ಹುರುಳಿಯ ಮೂಟೆಗಳು ಆ ಬಾಗಿಲಿಗೆ ಒರಗಿಕೊಂಡವು. ನಾವೂ ಅತ್ತ ನೋಡುವುದನ್ನು ಬಿಟ್ಟೆವು.

ಮುಂದಿನ ಬಿಲ್ಲು ಬಂದಾಗ ನಮ್ಮವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಾಯಿಲೆಯವರು ಇಲ್ಲದ ಮನೆ. ಬಿಲ್ಲು ಇಳಿಯಬೇಕಾಗಿತ್ತು, ಇಳಿದಿರಲಿಲ್ಲ.

"ಅಣ್ಣನ ಕೊಟ್ಟಿಗೆಲಿ ರಾತ್ರಿಯೆಲ್ಲ ದೀಪ ಉರೀತೈತೆ. ಎಮ್ಮೆ ಮಲಗಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು?" ಎಂದರು.

ಅತ್ತ ಭಾವ ಅಕ್ಕನ ಮುಂದೆ, ನನ್ನ ತಮ್ಮ ಅಂಗಡಿಯ ಲೆಕ್ಕ ಮನೆಗೆ ತಂದು ದೀಪದ ಕೆಳಗೆ ಕೂರುತ್ತಾನೆ, ಅದಕ್ಕೇ ಹೀಗೆ ಎಂದಿದ್ದರಂತೆ. ಇಬ್ಬರೂ ಈ ಮಾತನ್ನು ಎದುರೆದುರು ಆಡಲಿಲ್ಲ. ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ತೊಟ್ಟಿಯಲ್ಲಿ ಎದುರಾದರೆ ಒಬ್ಬರು ಸೂರು ನೋಡುತ್ತಿದ್ದರು, ಒಬ್ಬರು ನೆಲ ನೋಡುತ್ತಿದ್ದರು.

ಮಿತವ್ಯಯ ಶುರುವಾಯಿತು. ಬೆಳಕಿರುವಾಗಲೇ ಊಟ ಮುಗಿಸುವುದು. ಅಡಿಗೆಮನೆಗೆ ಮತ್ತೆ ಸೀಮೆಎಣ್ಣೆ ಬುಡ್ಡಿ ಬಂತು. ಭಾವ ಕೊಟ್ಟಿಗೆಯ ಬಲ್ಬನ್ನೇ ಬಿಚ್ಚಿ ಎತ್ತಿಟ್ಟರು. ನಮ್ಮವರು ಲೆಕ್ಕವನ್ನು ಅಂಗಡಿಯಲ್ಲೇ ಮುಗಿಸಿ ಬರತೊಡಗಿದರು. ಎರಡು ಭಾಗಕ್ಕೂ ದಾರಿಯಾದ ನಡುಪಡಸಾಲೆಯ ದೀಪ ಒಂದು ಮಾತ್ರ ಸಂಜೆಯಿಂದ ಎಲ್ಲರೂ ಮಲಗುವವರೆಗೆ ಉರಿಯುತ್ತಿತ್ತು. ಇಷ್ಟಾದರೂ ಅದರ ಮುಂದಿನ ಬಿಲ್ಲು ಇಳಿದದ್ದು ಅಷ್ಟಕ್ಕಷ್ಟೆ. ಅಂದರೆ ಒಬ್ಬರು ಕದ್ದು ಉರಿಸುತ್ತಿದ್ದಾರೆ ಎಂದು ಇಬ್ಬರಿಗೂ ಖಾತ್ರಿಯಾಯಿತು. ತೊಟ್ಟಿಯ ನಡುವೆ ಗೋಡೆ ಎಬ್ಬಿಸಿ ಬೇರೆ ಮೀಟರು ಹಾಕಿಸುತ್ತೇನೆ ಎಂದು ನಮ್ಮವರು ಗಾರೆಯವನಿಗೆ ಹೇಳಿ ಬಂದರು. ಅದಕ್ಕೆ ಭಾವ, ಗೋಡೆ ಎದ್ದ ದಿನ ತಂತಿಯನ್ನೇ ಕೀಳಿಸಿಬಿಡುತ್ತೇನೆ, ಅಪ್ಪನ ಕಾಲದಲ್ಲಿ ಬುಡ್ಡಿಯಲ್ಲಿ ಬದುಕಿರಲಿಲ್ಲವೇ ಎಂದರು.

ಆ ದಿನಗಳಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಗೋಡೆ ಬಂದರೆ ಬೀಸುವ ಕಲ್ಲು ಯಾವ ಕಡೆಗೆ ಉಳಿಯುತ್ತದೆ ಎನ್ನುವುದು ಕೂಡ ನನಗೆ ದೊಡ್ಡ ಚಿಂತೆಯಾಗಿತ್ತು.

ಒಂದು ಸಂತೆಯ ದಿನ ಇಳಿಹೊತ್ತಿನಲ್ಲಿ ಅಕ್ಕ ಬೀದಿಬಾಗಿಲ ಹತ್ತಿರ ಜೇಡರ ಬಲೆ ಹೊಡೆಯುತ್ತಿದ್ದಳು. ನನ್ನನ್ನು ಕೂಗಿದಳು.

"ಬಾರೆ ಇಲ್ಲಿ. ಇದು ತಿರುಗ್ತಾ ಐತೆ ನೋಡು."

ಮೀಟರಿನ ಗಾಜಿನ ಹಿಂದೆ ಒಂದು ತೆಳು ತಗಡಿನ ಬಿಲ್ಲೆ ಇತ್ತು. ಅದರ ಅಂಚಿನಲ್ಲಿ ಒಂದು ಕರಿಯ ಗುರುತು. ಅದು ಮೆಲ್ಲಗೆ ಮುಂದಕ್ಕೆ ಜರುಗುತ್ತಿತ್ತು.

"ನಡುಪಡಸಾಲೆ ದೀಪ ಹಾಕಿದೀನಿ ಅಕ್ಕ. ಅದಕ್ಕೇ ಇರಬೇಕು."

"ಹಂಗಾದ್ರೆ ನಿಮ್ಮ ಕಡೆ ಒಂದು ದೀಪ ಹಾಕಿ ಬಾ. ಜೋರಾಯ್ತದಾ ನೋಡಾನ."

ಹಾಕಿ ಬಂದೆ. ಬಿಲ್ಲೆ ಜೋರಾಯಿತು. ಎಷ್ಟು ಜೋರಾಯಿತು ಎಂದು ಹೇಳುವುದು ಹೇಗೆ? ನಮ್ಮ ಮನೆಗೆ ಇದ್ದ ಒಂದೇ ಗಡಿಯಾರ ಭಾವನ ಮಂಡಿಯಲ್ಲಿತ್ತು. ಅಕ್ಕ ಒಂದು ಗಳಿಗೆ ಯೋಚಿಸಿದಳು. ಆಮೇಲೆ ರಾಗಿಯ ಮೂಟೆಯೊಂದನ್ನು ಎಳೆತಂದು, ಬುಟ್ಟಿ ಇಟ್ಟುಕೊಂಡು, ಸೇರು ಹಿಡಿದು ಕೂತಳು. ಮಂಡಿಯವರ ಮನೆ ಹೆಂಗಸು. ರಾಗಿ ಅಳೆಯಲು ಕೂತರೆ ಅವಳ ಕೈ ಒಂದೇ ಹದದಲ್ಲಿ ಆಡುತ್ತಿತ್ತು. ಕರಿಯ ಗುರುತು ಎದುರಿಗೆ ಬಂದ ಕೂಡಲೇ ನಾನು ಹೂಂ ಅನ್ನಬೇಕು, ಅದು ಒಂದು ಸುತ್ತು ಬಂದಾಗ ಮತ್ತೆ ಹೂಂ ಅನ್ನಬೇಕು. ಅಷ್ಟರಲ್ಲಿ ಬುಟ್ಟಿ ಎಷ್ಟು ತುಂಬುತ್ತದೋ ಅದು ಲೆಕ್ಕ. ಬುಟ್ಟಿ ಹೆಚ್ಚು ತುಂಬಿದರೆ ಬಿಲ್ಲೆ ನಿಧಾನ, ಕರೆಂಟು ಕಡಿಮೆ.

"ಲಾಭ, ಎರಡು, ಮೂರು..." ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಮಂಡಿಯ ರೂಢಿ. ಇಲ್ಲಿಯೂ ಅವಳು ಅದನ್ನು ಬಿಡಲಿಲ್ಲ.

ಮೊದಲು ನಮ್ಮ ಕಡೆಯ ದೀಪ ಉರಿಯುತ್ತಿರುವಾಗ ಅಳೆದೆವು. ಆಮೇಲೆ ನಮ್ಮದನ್ನು ತೆಗೆದು, ಅವರ ಕಡೆಯದನ್ನು ಹಾಕಿ ಅಳೆದೆವು. ಬುಟ್ಟಿ ಎರಡು ಸಲವೂ ಒಂದೇ ಮಟ್ಟಕ್ಕೆ ಬಂತು. ಅವರ ದೀಪ ಹೆಚ್ಚು ತಿನ್ನುತ್ತಿರಲಿಲ್ಲ, ನಮ್ಮದೂ ಹೆಚ್ಚು ತಿನ್ನುತ್ತಿರಲಿಲ್ಲ. ಅದೊಂದು ತಿಳಿದದ್ದಕ್ಕೇ ನನಗೆ ಅರ್ಧ ಜೀವ ಬಂದಂತಾಯಿತು.

"ಇನ್ನು ಎಲ್ಲಾನೂ ದೊಡ್ಡದು ಮಾಡು," ಎಂದಳು ಅಕ್ಕ. ದೀಪ ಆರಿಸು ಎನ್ನುವ ಅಶುಭದ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ನಡುಪಡಸಾಲೆಯದು ಒಂದನ್ನು ಬಿಟ್ಟು ಎಲ್ಲವನ್ನೂ ತೆಗೆದೆ. ಅಕ್ಕ ಅಳೆದಳು. ಒಂದು ದೀಪಕ್ಕೆ ಒಂದು ಸುತ್ತು, ಅರ್ಧ ಬುಟ್ಟಿ. ಕೊನೆಗೆ ಅದನ್ನೂ ತೆಗೆದೆ. ಬೀದಿಯ ಕಡೆಯಿಂದ ಬರುತ್ತಿದ್ದ ಸಂಜೆಬೆಳಕಿನಲ್ಲಿ ನಾನು ಮೀಟರಿನ ಹತ್ತಿರ ಮುಖವಿಟ್ಟು ನೋಡಿದೆ. ನಿಲ್ಲುತ್ತದೆ ಎಂದುಕೊಂಡಿದ್ದೆ. ಬಿಲ್ಲೆ ನಿಲ್ಲಲಿಲ್ಲ. ತಡೆತಡೆದು ಹೋಗುತ್ತಿತ್ತು. ಗುರುತು ಸುತ್ತಿ ಬರುವಷ್ಟರಲ್ಲಿ ಅಕ್ಕನ ಬುಟ್ಟಿ ಕಂಠದವರೆಗೆ, ಮೊದಲಿನ ಎರಡರಷ್ಟು, ತುಂಬಿತು.

"ಇನ್ನೊಂದು ದೀಪ ಎಲ್ಲೋ ಉರೀತಾ ಐತೆ ಕಣೆ," ಎಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು. "ಇಷ್ಟು ದಿನ ನಾವು ಒಂದು ಅನ್ಕೊಂಡಾಗೆಲ್ಲ ಎರಡಿತ್ತು."

ಕೊಟ್ಟಿಗೆಗೆ ಹೋದೆವು, ಬಚ್ಚಲಿಗೆ ಹೋದೆವು, ಅಟ್ಟ ಹತ್ತಿ ನೋಡಿದೆವು. ಎಲ್ಲೂ ಇಲ್ಲ. ಇಳಿದು ಬರುವಾಗ ನಡುಪಡಸಾಲೆ ಕತ್ತಲಾಗಿತ್ತು. ಆ ಹೊತ್ತಿನಲ್ಲಿ ಅದನ್ನು ನಾವು ದೀಪವಿಲ್ಲದೆ ಕಂಡದ್ದೇ ಇಲ್ಲ. ಹುರುಳಿ ಮೂಟೆಗಳ ಸಂದಿಯಲ್ಲಿ, ಅತ್ತೆಯ ಕೋಣೆಯ ಹೊಸ್ತಿಲ ಮೇಲೆ, ದಾರದಷ್ಟು ಸಣ್ಣ ಬೆಳಕು ಬಿದ್ದಿತ್ತು.

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅತ್ತೆ ಒಳಗೆ ಇದ್ದಾರೆ ಎಂದು ಒಂದು ಕ್ಷಣ ನನಗೆ ಅನಿಸಿದ್ದು ನಿಜ. ಆಮೇಲೆ ಅರ್ಥವಾಯಿತು. ಬಾಗಿಲು ಹಾಕಿದ್ದು ನಡುಮಧ್ಯಾಹ್ನ. ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಜಗಳದ ಬಿಸಿಯಲ್ಲಿ ಮೇಲೆ ದೀಪ ಉರಿಯುತ್ತಿರುವುದನ್ನು ಯಾರು ನೋಡುತ್ತಾರೆ? ನಮ್ಮ ಊರಿಗೆ ಬರುವಾಗ ಕರೆಂಟು ಸೊರಗಿಯೇ ಬರುತ್ತಿದ್ದುದರಿಂದಲೋ ಏನೋ, ಆ ಬಲ್ಬು ಇಷ್ಟು ತಿಂಗಳೂ ಸುಟ್ಟುಹೋಗದೆ ಉಳಿದಿತ್ತು.

ಗಂಡಸರು ಬಂದ ಮೇಲೆ ಅಕ್ಕ ಇಬ್ಬರನ್ನೂ ತೊಟ್ಟಿಯ ಹತ್ತಿರ ನಿಲ್ಲಿಸಿದಳು. ಆಗಿನ ಕಾಲದಲ್ಲಿ ನಾನು ಭಾವನೆದುರು ಮಾತಾಡುವಂತಿರಲಿಲ್ಲ. ಕಂಬದ ಹಿಂದೆ ನಿಂತಿದ್ದೆ.

"ಕಳ್ಳ ಸಿಕ್ಕವ್ನೆ," ಎಂದಳು ಅಕ್ಕ.

"ಯಾರು?" ಇಬ್ಬರೂ ಒಟ್ಟಿಗೇ ಕೇಳಿದರು.

"ನಿಮ್ಮಿಬ್ಬರ ಬೀಗದ ಒಳಗೆ ಅವ್ನೆ. ಬೀಗದಕೈ ತನ್ನಿ."

ಅವಳು ಪಡಸಾಲೆಯ ದೀಪ ತೆಗೆದು ಹೊಸ್ತಿಲು ತೋರಿಸಿದಳು. ಭಾವ ಬಗ್ಗಿ ನೋಡಿದರು. ನಮ್ಮವರೂ ಬಗ್ಗಿ ನೋಡಿದರು. ಬಗ್ಗಿದವರು ಬೇಗ ಏಳಲಿಲ್ಲ. ಆಮೇಲೆ ಭಾವ ಮೂಟೆಯ ಒಂದು ತುದಿ ಹಿಡಿದು, ಎಷ್ಟೋ ದಿನದ ಮೇಲೆ ತಮ್ಮನಿಗೆ ನೇರವಾಗಿ ಹೇಳಿದರು: "ಹಿಡ್ಕಳ್ಳಾ ಆ ಕಡೆ."

ಮೂಟೆಗಳನ್ನು ಸರಿಸಿದರು. ಒಂದು ಬೀಗ ಅವರು ತೆಗೆದರು, ಒಂದನ್ನು ಇವರು ತೆಗೆದರು. ಬಾಗಿಲು ತಳ್ಳಿದಾಗ ಮುಗ್ಗಿದ ಹಾಸಿಗೆಯ ವಾಸನೆ ಬಂತು. ದೀಪ ಮಂದವಾಗಿ ಉರಿಯುತ್ತಿತ್ತು. ಸುತ್ತ ಹುಳಗಳು ಸತ್ತು ಬಿದ್ದಿದ್ದವು. ಮಂಚದ ಮೇಲೆ ಮಡಿಸಿದ ಕಂಬಳಿ, ಮೂಲೆಯಲ್ಲಿ ಊರುಗೋಲು. ಇಬ್ಬರು ಗಂಡಸರೂ ಮಂಚದ ಅಂಚಿನಲ್ಲಿ ಕೂತುಬಿಟ್ಟರು.

"ಅವ್ವ ಇದ್ದಿದ್ರೆ ನಗೋಳು," ಎಂದರು ಭಾವ.

"ನಿನ್ನ ಕೊಟ್ಟಿಗೆ ಅನ್ಕೊಂಡಿದ್ದೆ ಕಣಣ್ಣ," ಎಂದರು ನಮ್ಮವರು.

"ನಾನು ನಿನ್ನ ಲೆಕ್ಕ ಅನ್ಕೊಂಡಿದ್ದೆ. ಬುಡು."

ಪೆಟ್ಟಿಗೆ ಕಾಲ ಬಳಿಯಲ್ಲೇ ಇತ್ತು. ಅದನ್ನು ಇಬ್ಬರೂ ಮುಟ್ಟಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, "ಇನ್ನು ದೊಡ್ಡದು ಮಾಡ್ಲಾ?" ಎಂದು ಕೇಳಿದಳು. ತಂತಿ ಕೀಳಿಸುತ್ತೇನೆ ಎಂದಿದ್ದ ಭಾವ ಮೇಲೆ ನೋಡಿ, "ಒಸಿ ಇರ್ಲಿ," ಎಂದರು. ನಾನು ಕಂಬದ ಹಿಂದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ದುಃಖವೇನೂ ಇರಲಿಲ್ಲ. ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಿತ್ತು, ಅಷ್ಟೆ.

ಪೆಟ್ಟಿಗೆಯ ವಿಚಾರ ಆ ದಿನ ಮುಗಿಯಲಿಲ್ಲ. ಇಬ್ಬರೂ ಸೇರಿ ಕೋಡಿಹಳ್ಳಿಗೆ ಕೊಟ್ಟಿದ್ದ ತಂಗಿಯನ್ನು ಕರೆಸಿದರು. ಅಲ್ಲಿಯವರೆಗೆ ಆಕೆಯನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಕೆ ಬಂದವಳು ಕೈಕಾಲು ತೊಳೆದು, ಮಜ್ಜಿಗೆ ಕುಡಿದು, ಅಡಿಗೆ ಆಗುವಷ್ಟರಲ್ಲಿ ಎಲ್ಲವನ್ನೂ ಹಂಚಿ ಮುಗಿಸಿದಳು. ಸರ ಅಕ್ಕನ ಮಗಳಿಗೆ ಹೋಯಿತು, ಪಾತ್ರೆಗಳು ನಮಗೆ ಬಂದವು, ಸೀರೆಗಳು ತನಗೆಂದು ಒಂದನ್ನು ಉಟ್ಟುಕೊಂಡೇ ಊರಿಗೆ ಹೊರಟಳು. ನಮ್ಮವರಿಗೆ ಒಳಗೊಳಗೆ ಸ್ವಲ್ಪ ಅಸಮಾಧಾನ ಇತ್ತೇನೋ. ಬಾಯಿ ಬಿಟ್ಟು ಹೇಳಲಿಲ್ಲ.

ಗಾರೆಯವನಿಗೆ ಬೇಡವೆಂದು ಹೇಳುವುದನ್ನು ಎಲ್ಲರೂ ಮರೆತಿದ್ದರು. ಅವನು ಒಂದು ಬೆಳಿಗ್ಗೆ ದಾರ, ತೂಕದ ಗುಂಡು, ಕರಣೆ ಎಲ್ಲ ಹಿಡಿದು ಬಂದು ತೊಟ್ಟಿಯಲ್ಲಿ ನಿಂತ. ಭಾವ ಅವನನ್ನು ಮೇಲೆ ಕೆಳಗೆ ನೋಡಿದರು.

"ಗೋಡೆ ಬ್ಯಾಡ. ಬಂದಿದ್ದೀಯಲ್ಲ, ಬಚ್ಚಲು ಸೋರ್ತಾ ಐತೆ, ಅದನ್ನಾದ್ರೂ ನೋಡು," ಎಂದು ಹಿತ್ತಲಿಗೆ ಕಳಿಸಿದರು.

ಮುಂದಿನ ಬಿಲ್ಲು ಇಳಿದೇ ಬಂತು. ಬುಡ್ಡಿಯನ್ನು ಅಡಿಗೆಮನೆಯಿಂದ ಹೊರಗೆ ಹಾಕಿದೆವು. ಕೊಟ್ಟಿಗೆಯ ಬಲ್ಬು ಮತ್ತೆ ಮೇಲೇರಿತು. ಅಷ್ಟಕ್ಕೇ ಬಿಡದೆ ಅಕ್ಕ, ಕೊಟ್ಟಿಗೆಗೆ ಅಷ್ಟು ದೊಡ್ಡ ಬಲ್ಬು ಯಾಕೆ, ಸಣ್ಣದು ಸಾಕು ಎಂದು ಹಟ ಹಿಡಿದು ಸಣ್ಣದನ್ನು ಹಾಕಿಸಿದಳು. ಸೇರು ಬುಟ್ಟಿ ತಂದು ಅಳೆದು ಅದು ಎಷ್ಟು ಕಡಿಮೆ ತಿನ್ನುತ್ತದೆ ಎಂದು ಭಾವನಿಗೆ ತೋರಿಸಿದಳು. ಭಾವ ರಾಗಿ ಚೆಲ್ಲುತ್ತದೆ ಎಂದು ಗೊಣಗಿದರು, ಆದರೆ ಕೊನೆಯವರೆಗೂ ನಿಂತು ನೋಡಿದರು.

ಮುಂದೆ ಯಾವತ್ತೋ ಮನೆ ಭಾಗವಾಯಿತು; ಆಗಲೇಬೇಕಾಗಿತ್ತು, ಎರಡೂ ಕಡೆ ಮಕ್ಕಳು ಹೆಚ್ಚಾದರು. ಆದರೆ ಆಗ ಯಾರೂ ಮುಖ ತಿರುಗಿಸಿಕೊಳ್ಳಲಿಲ್ಲ.

ಆ ದೀಪ ಸಿಕ್ಕ ವರ್ಷವೇ, ಬೇಸಿಗೆ ಹತ್ತುವ ಮೊದಲು, ನಾವೆಲ್ಲ ಗಾಡಿ ಕಟ್ಟಿಕೊಂಡು ಕೆಂಗಲ್ಲಿನ ಜಾತ್ರೆಗೆ ಹೋದೆವು. ಅಣ್ಣತಮ್ಮಂದಿರು ಗಾಡಿ ಹತ್ತದೆ ಮುಂದೆ ಮುಂದೆ ನಡೆದರು. ರಾಗಿಯ ಧಾರಣೆ, ರೇಷ್ಮೆಗೂಡಿನ ಧಾರಣೆ, ಯಾರದೋ ಎತ್ತಿನ ಸುಳಿ, ಅವರ ಮಾತು ದಾರಿಯುದ್ದಕ್ಕೂ ಕೇಳಿಸುತ್ತಿತ್ತು. ಅಕ್ಕ ಹುಲ್ಲಿನ ಮೇಲೆ ಕಾಲು ಚಾಚಿದ್ದಳು. ನಾನು ಅವಳ ಭುಜಕ್ಕೆ ಒರಗಿದ್ದಷ್ಟೇ ನೆನಪು. ಗಾಡಿ ನಿಂತು ಮಕ್ಕಳು ಧುಮುಕುವವರೆಗೂ ನನಗೆ ಎಚ್ಚರವಾಗಲಿಲ್ಲ.