ಜಂತಿ ಎಣಿಸುವ ಕೆಲಸ

ಲಕ್ಷ್ಮೇಶ್ವರದ ಹಳೇ ಪೇಟೆಯಲ್ಲಿ ಬಳೆ ವ್ಯಾಪಾರದವರ ಮನೆ. ಮೇಲಿನ ಅಂತಸ್ತನ್ನು ಹೊತ್ತಿದ್ದ ಕಟ್ಟಿಗೆಯ ಜಂತಿಗಳಿಗೆ ಗೆದ್ದಲು ಹತ್ತಿ, ಬದಲಿಸುತ್ತಿದ್ದರು. ನೆರೆಯವರು ನಮ್ಮ ಪುರಸಭೆಗೆ ತಕರಾರು ಕೊಟ್ಟರು. ಅರ್ಧಕ್ಕಿಂತ ಕಡಿಮೆ ಬದಲಿಸಿದರೆ ಅದು ದುರಸ್ತಿ. ಹೆಚ್ಚಾದರೆ ಪರವಾನಿಗಿ ಬೇಕು, ಅಲ್ಲಿಯವರೆಗೆ ಕೆಲಸ ಬಂದ್. ನೋಡಿ ಬರಲು ನನ್ನನ್ನು ಕಳಿಸಿದರು.

ಬಡಿಗೇರರು ಹಳತು, ಹೊಸತು ಎಲ್ಲಕ್ಕೂ ಗಾಡಿಯ ಸುಟ್ಟ ಆಯಿಲ್ ಬಳಿದಿದ್ದರು. ನಿಂತು ನೋಡಿದರೆ ಎಲ್ಲವೂ ಒಂದೇ ಕಪ್ಪು. ಕತ್ತು ನೋಯತೊಡಗಿದಾಗ ಚಾಪೆ ಕೇಳಿ ಅಂಗಾತ ಮಲಗಿದೆ. ಬ್ಯಾಟರಿ ಹಚ್ಚಿ ನೋಡಿದರೆ ಹಳೆಯವುಗಳಲ್ಲಿ ತೊಟ್ಟಿಲ ಹಗ್ಗದ ಸವೆತ, ಮೊಳೆಯ ತೂತು ಕಾಣುತ್ತಿದ್ದವು.

ಮನೆಯ ಹಿರಿಯಾಕೆ ಪಕ್ಕದಲ್ಲೇ ಕುಳಿತಿದ್ದರು. "ಕೆಲಸಿಲ್ಲದವ್ರು ಮಲ್ಕೊಂಡು ಜಂತಿ ಎಣಸ್ತಾರಂತ ಕೇಳಿದ್ದೆ. ಅದಕ್ಕ ಪಗಾರನೂ ಕೊಡ್ತಾರೇನ್ರಿ ಸಾಹೇಬ್ರ?"

ನಕ್ಕೆ. ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅಷ್ಟರಲ್ಲಿ ಆಫೀಸಿನಿಂದ ನಮ್ಮ ಮೇಲಧಿಕಾರಿಯ ಫೋನು. "ಎಲ್ಲಿದ್ದೀರಿ? ಏನ್ ಮಾಡಾಕತ್ತೀರಿ?"

"ಮಲ್ಕೊಂಡು ಜಂತಿ ಎಣಸಾಕತ್ತೀನ್ರಿ, ಸರ್."

ಹೊಸ ಜಂತಿಗಳು ಅರ್ಧಕ್ಕಿಂತ ಒಂದು ಕಡಿಮೆಯೇ ಇದ್ದವು. ಆ ಮನೆಗೆ ನೋಟಿಸ್ ಹೋಗಲಿಲ್ಲ. ನನಗೆ ಬಂತು.